ಅಳುವುದಕ್ಕೂ ಕೊನೆಯ ದಿನಾಂಕ

"ಮಣ್ಣು ಎಷ್ಟೊತ್ತಿಗೆ?"

ಚನ್ನಗಿರಿ, ಹೊನ್ನಾಳಿ ಕಡೆ ಯಾರೋ ತೀರಿಕೊಂಡರು ಅಂತ ಫೋನ್ ಬಂದರೆ ಈ ತುದಿಯಿಂದ ಹೊರಡುವ ಮೊದಲ ಪ್ರಶ್ನೆ ಇದು. ಹೇಗೆ ಹೋದರು, ಮನೆಯಲ್ಲಿ ಯಾರಿದ್ದಾರೆ ಎನ್ನುವುದೆಲ್ಲ ಆಮೇಲಿನ ಮಾತು. ಮೂರು ಗಂಟೆಗೆ ಮಣ್ಣು ಅಂತಾದರೆ ಎರಡೂವರೆಗೆ ಬೈಕ್ ಹತ್ತಿದರೆ ಸಾಕು. ಅಷ್ಟರೊಳಗೆ ತೋಟಕ್ಕೆ ನೀರು ತಿರುಗಿಸಿ, ಸೊಸೈಟಿಯಲ್ಲಿ ಒಂದು ಸಹಿ ಹಾಕಿ, ತಿಂಡಿ ಮುಗಿಸಬಹುದು. ತಿಂಡಿ ಮುಖ್ಯ; ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಇದನ್ನು ಕಲ್ಲುಮನಸ್ಸು ಎಂದು ನಾನು ಹೇಳಲಾರೆ. ಹೀಗೆ ಕೇಳಿದವನೇ ಹೋಗಿ ಕುಣಿಯ ಪಕ್ಕ ನಿಂತು, ಲುಂಗಿ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಾನೆ. ನಮ್ಮ ಕಡೆ ಹೆಣ ಅನಾಥವಾಗುವುದು ಕಡಿಮೆ. ಅನಾಥರಾಗುವವರು ಅದರ ಹಿಂದೆ ಉಳಿದವರು, ಅದೂ ಹನ್ನೆರಡನೇ ದಿನದಿಂದ.

ಹನ್ನೊಂದು ದಿನ ಮಾತ್ರ ಭರ್ಜರಿ. ಮೂರನೇ ದಿನ ಹಾಲು-ತುಪ್ಪ ಬಿಡಬೇಕು. ಕೆಲವರ ಮನೆಯಲ್ಲಿ ಐದಕ್ಕೆ, ಕೆಲವರಲ್ಲಿ ಒಂಬತ್ತಕ್ಕೆ, ಬಹಳಷ್ಟು ಕಡೆ ಹನ್ನೊಂದಕ್ಕೆ ಶಿವಗಣಾರಾಧನೆ, ಕೈಲಾಸ ಸಮಾರಾಧನೆ, ವೈಕುಂಠ ಸಮಾರಾಧನೆ. ಹೋಗುವ ಲೋಕ ಬೇರೆಯಾದರೂ ಶಾಮಿಯಾನ ಒಂದೇ. ಮುಸಲ್ಮಾನರಲ್ಲಿ ಮೂರಕ್ಕೆ ಜಿಯಾರತ್, ನಲವತ್ತಕ್ಕೆ ಚಾಲೀಸ್ವಾಂ, ಗಂಡ ಸತ್ತ ಹೆಣ್ಣಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಈ ಲೆಕ್ಕಗಳನ್ನೆಲ್ಲ ಹಾಕಿದ ಹಿರಿಯರು ದಡ್ಡರಲ್ಲ. ದುಃಖದಲ್ಲಿದ್ದವನನ್ನು ಒಂಟಿಯಾಗಿ ಬಿಡಬಾರದು, ಇಷ್ಟು ದಿನವಾದರೂ ಅವನ ಮನೆಗೆ ಜನ ಬಂದು ಹೋಗಲಿ ಎಂದು ಕನಿಷ್ಠ ಪ್ರಮಾಣ ನಿಗದಿ ಮಾಡಿದರು. ನಾವು ಅದನ್ನು ಗರಿಷ್ಠ ಪ್ರಮಾಣ ಎಂದು ಓದಿಕೊಂಡೆವು. ಹನ್ನೊಂದರ ಊಟದ ಎಲೆ ಎತ್ತಿದ ಮೇಲೂ ಒಬ್ಬಳು ಅಳುತ್ತಿದ್ದರೆ ಅವಳು ನಿಯಮ ಮೀರಿದಂತೆ.

ಅಷ್ಟರೊಳಗೆ ಬಂದವರು ಏನು ಹೇಳುತ್ತಾರೆ ಎಂದು ಸ್ವಲ್ಪ ಕಿವಿಗೊಡಿ. 'ಮಾತಾಡಿಸಿಕೊಂಡು ಬರೋಣ' ಎಂದೇ ಹೊರಟವರು ಅವರು, ಆದ್ದರಿಂದ ಮಾತಾಡಲೇಬೇಕು. "ಗಟ್ಟಿ ಮಾಡ್ಕ ಮನಸ್ನ." "ಮಕ್ಳ ಮಕ ನೋಡ್ಕಂಡು ಸುಧಾರಿಸ್ಕ." "ಪುಣ್ಯಾತ್ಮ, ನರಳದಂಗೆ ಹೋದ." ನರಳಿ ಹೋಗಿದ್ದರೆ ಅದಕ್ಕೂ ಮಾತು ತಯಾರಿದೆ: "ಬಿಡುಗಡೆ ಆತು ಬಿಡು." ಎಂಬತ್ತು ದಾಟಿದ್ದರೆ "ತುಂಬು ಜೀವನ." ಇಪ್ಪತ್ತೈದಾಗಿದ್ದರೆ "ದೇವ್ರಿಗೆ ಒಳ್ಳೇರೇ ಬೇಕು." ಇವೆಲ್ಲದರ ಕೊನೆಗೆ ಬರುವ ಬ್ರಹ್ಮಾಸ್ತ್ರ: "ಅತ್ರೆ ಬರ್ತಾರಾ?" ಅತ್ತರೆ ಬರುತ್ತಾರೆ ಎಂದು ಇಡೀ ದಾವಣಗೆರೆ ಜಿಲ್ಲೆಯಲ್ಲಿ ಯಾರೂ ನಂಬಿಲ್ಲ. ಆದರೂ ಈ ಪ್ರಶ್ನೆ ಕೇಳಿದವರ ಮುಖದಲ್ಲಿ ಕೇಸು ಗೆದ್ದ ವಕೀಲರ ಕಳೆ ಬಂದಿರುತ್ತದೆ.

ಗಂಡಸರು ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಚನ್ನಗಿರಿ ಸೀಮೆಯಾದರೆ ಐದು ನಿಮಿಷ ಸತ್ತವರ ಗುಣಗಾನ, ಆಮೇಲೆ ಅಡಿಕೆ. ಬೆಳೆಗಾರರ ಸಹಕಾರ ಸಂಘ ತುಮ್‌ಕೋಸ್‌ನಲ್ಲಿ ಇವತ್ತು ರಾಶಿ ಎಷ್ಟಕ್ಕೆ ಹೋಯಿತು, ಕೊಳೆ ರೋಗ ಯಾರ ತೋಟಕ್ಕೆ ಬಂತು, ಖೇಣಿ ಹಿಡಿದವನು ದುಡ್ಡು ಕೊಟ್ಟನಾ. ಇದನ್ನೂ ನಾನು ತಪ್ಪೆನ್ನುವುದಿಲ್ಲ. ಸಾವಿನ ಎದುರು ಕೂತವನಿಗೆ ಹಿಡಿದುಕೊಳ್ಳಲು ಒಂದು ದರ ಬೇಕಾಗುತ್ತದೆ. ತಮಾಷೆ ಇರುವುದು ಮುಂದೆ. ಆ ಮಾತಿಗೆ ಸತ್ತವರ ಮಗನೂ ಬಾಯಿ ಹಾಕಿ, "ನಿನ್ನೆಗಿಂತ ಮುನ್ನೂರು ಇಳೀತಂತಲ್ಲ" ಅಂದುಬಿಟ್ಟರೆ ಹಿಂದಿನ ಸಾಲಿನಲ್ಲಿ ಪಿಸುಪಿಸು ಶುರು: "ಅಪ್ಪ ಮಣ್ಣಾಗಿ ಮೂರು ದಿನ ಆಗಿಲ್ಲ, ರೇಟ್ ಕೇಳ್ತಾನೆ ನೋಡು." ಅವನ ಅಣ್ಣ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದರೆ ಅವನಿಗೂ ಸುಖವಿಲ್ಲ: "ಗಂಡಸಾಗಿ ಹಿಂಗಾ?" ಬೇಗ ಚೇತರಿಸಿಕೊಂಡವನು ಕಟುಕ, ಚೇತರಿಸಿಕೊಳ್ಳದವನು ಹೇಡಿ. ನಡುವೆ ಎಲ್ಲೋ ಒಂದು ಸರಿಯಾದ ವೇಗವಿದೆ. ಅದು ಎಷ್ಟು ಎಂಬುದು ಊರಿನವರಿಗೆ ಗೊತ್ತು, ಹೇಳುವುದಿಲ್ಲ.

ಇನ್ನು ಫ್ಲೆಕ್ಸು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲದ ಜೊತೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗು, ಫ್ಲೆಕ್ಸುಗಳನ್ನೂ ನಿಷೇಧಿಸಿತು. ಆ ಆದೇಶದಲ್ಲಿ ಸಾವಿಗೆ ವಿನಾಯಿತಿ ಇದ್ದಂತೆ ಕಾಣೆ, ಆದರೆ ಸತ್ತವರ ಫ್ಲೆಕ್ಸ್ ಕಿತ್ತುಹಾಕುವ ಎದೆಗಾರಿಕೆ ಯಾವ ಪಟ್ಟಣ ಪಂಚಾಯಿತಿಗಿದೆ? ಹೀಗಾಗಿ ಹೊನ್ನಾಳಿಯಿರಲಿ ಜಗಳೂರಿರಲಿ, ಸರ್ಕಲ್ಲಿನಲ್ಲಿ ತಲೆ ಎತ್ತಿದರೆ ಒಬ್ಬರಲ್ಲ ಒಬ್ಬರು ಶಿವೈಕ್ಯರಾಗಿರುತ್ತಾರೆ. ಇದರ ವಿನ್ಯಾಸ ಗಮನಿಸಿ. ನಡುವೆ ಸತ್ತವರ ಫೋಟೊ. ಅದು ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿದ್ದಾದ್ದರಿಂದ ಹೆಗಲ ಮೇಲೆ ಯಾರದ್ದೋ ನಾಲ್ಕು ಬೆರಳು ಉಳಿದಿರುತ್ತವೆ. ಹಿಂದೆ ಹಿಮ ಬಿದ್ದ ಬೆಟ್ಟ. ಬದುಕಿದ್ದಾಗ ತೀರ್ಥರಾಮೇಶ್ವರದ ಗುಡ್ಡ ಬಿಟ್ಟು ಬೇರೆ ಬೆಟ್ಟ ಕಾಣದವರು ಸತ್ತ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಿಂತಿರುತ್ತಾರೆ. ಎರಡು ಕಡೆ ದೀಪ, ಒಂದು ಪಾರಿವಾಳ. ಮೇಲೆ 'ಭಾವಪೂರ್ಣ ಶ್ರದ್ದಾಂಜಲಿ', ಮಹಾಪ್ರಾಣ ಬಿಟ್ಟು; ಪ್ರಾಣವೇ ಹೋಗಿರುವಾಗ ಮಹಾಪ್ರಾಣಕ್ಕೆ ಯಾರು ಅಳುತ್ತಾರೆ. ಕೆಳಗೆ 'ದುಃಖತಪ್ತರು' ಎಂಬ ತಲೆಬರಹದಡಿ ಎರಡು ಸಾಲು ತುಂಬ ಮುಖಗಳು, ಎಲ್ಲವೂ ನಗುತ್ತಿವೆ. ಕೆಲವಕ್ಕೆ ಕೂಲಿಂಗ್ ಗ್ಲಾಸು. ಒಬ್ಬರು ಮುಗಿದ ಕೈಯಲ್ಲೇ ಮೊಬೈಲು. ಮುಂದಿನ ಪಂಚಾಯಿತಿ ಚುನಾವಣೆಯ ಆಕಾಂಕ್ಷಿಯ ತಲೆ ಸತ್ತವರ ತಲೆಗಿಂತ ಅರ್ಧ ಅಡಿ ದೊಡ್ಡದು.

ಆ ಮುಖಗಳ ಕೆಳಗೆ ಮೊಬೈಲ್ ನಂಬರುಗಳೂ ಇರುವುದುಂಟು. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕೂತ ಹೆಣ್ಣುಮಗಳು ಆ ನಂಬರಿಗೆ ಫೋನ್ ಮಾಡಿ 'ದುಃಖತಪ್ತರೇ, ಸ್ವಲ್ಪ ಮಾತಾಡ್ತೀರಾ' ಅಂತ ಕೇಳಿದರೆ ಏನಾಗಬಹುದು ಎಂದು ಯೋಚಿಸಿ ನೋಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಟೆಲಿಮಾನಸ್ ಎಂಬ ಉಚಿತ ಸಹಾಯವಾಣಿ ಶುರು ಮಾಡಿದೆ, ನಂಬರು 14416, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ ಮಾಡಬಹುದು. ಅಷ್ಟು ನಂಬರು ಹಾಕುವ ಫ್ಲೆಕ್ಸಿನಲ್ಲಿ ಈ ಐದು ಅಂಕಿಗೆ ಜಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆ ನಂಬರಿನವರು ಚುನಾವಣೆಗೆ ನಿಲ್ಲುವುದಿಲ್ಲ ನೋಡಿ.

ಫ್ಲೆಕ್ಸಿಗೆ ಪುನರ್ಜನ್ಮ ಇದೆ. ಹನ್ನೊಂದು ದಿನ ಕಳೆದ ಮೇಲೆ ಯಾರೋ ಅದನ್ನು ಬಿಚ್ಚಿ ಒಯ್ಯುತ್ತಾರೆ. ಗಟ್ಟಿ ಮಾಲು, ವ್ಯರ್ಥ ಮಾಡಬಾರದು. ಜಗಳೂರಿನ ಕಡೆ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ಒಣಹಾಕಿದ ಮೆಕ್ಕೆಜೋಳದ ರಾಶಿಗೆ ಮೋಡ ಕವಿದಾಗ ಹೊದಿಸುವುದು ಇದನ್ನೇ. ದನದ ಕೊಟ್ಟಿಗೆಗೆ ಮರೆ ಕಟ್ಟುವುದು ಇದನ್ನೇ. ಬೈಕಿನಲ್ಲಿ ಹೋಗಿ ಸತ್ತ ಹುಡುಗನೊಬ್ಬನ ತಾಯಿ ಡೇರಿಗೆ ಹಾಲು ಹಾಕಿ ಬರುವ ದಾರಿಯಲ್ಲಿ, ಮಗ ಪರರ ಜೋಳದ ಮೇಲೆ ಮಲಗಿ ಆಕಾಶ ನೋಡಿ ನಗುತ್ತಿರುತ್ತಾನೆ. ಒಂದು ಮೂಲೆಗೆ ಹಾರಬಾರದೆಂದು ಕಲ್ಲು ಇಟ್ಟಿದ್ದಾರೆ, ಅದು ಸರಿಯಾಗಿ ಅವನ ಕಿವಿಯ ಮೇಲೆ. ಅವಳು ಕ್ಯಾನು ಕೆಳಗಿಟ್ಟು ಕಲ್ಲನ್ನು ಒಂದು ಗೇಣು ಸರಿಸಿ ಮುಂದೆ ಹೋಗುತ್ತಾಳೆ. ಜೋಳದವನು ಸಂಜೆ ಗೊಣಗುತ್ತಾನೆ, "ಯಾವನೋ ಕಲ್ಲು ಸರಿಸಿದಾನೆ."

ಸರ್ಕಾರವಂತೂ ದುಃಖದ ಅಳತೆಯಲ್ಲಿ ನಮಗಿಂತ ಚುರುಕು. 2024ರ ಡಿಸೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ತೀರಿಕೊಂಡಾಗ ರಾಜ್ಯಕ್ಕೆ ಮೂರು ದಿನ ಶೋಕ. ಅದೇ ತಿಂಗಳು ಮನಮೋಹನ್ ಸಿಂಗ್ ತೀರಿಕೊಂಡಾಗ ಏಳು ದಿನ. ಬಾವುಟ ಅರ್ಧಕ್ಕೆ ಇಳಿಯುತ್ತದೆ, ಎಂಟನೇ ದಿನ ಬೆಳಿಗ್ಗೆ ಮೇಲೆ ಹೋಗುತ್ತದೆ. ಬಾವುಟಕ್ಕೆ ಸುಧಾರಿಸಿಕೊಳ್ಳುವುದು ಗೊತ್ತು. ಹಾಗಾದರೆ ನೌಕರನ ಅಪ್ಪ ಸತ್ತರೆ? ಅದಕ್ಕೆಂದೇ ಒಂದು ರಜೆ ನಮ್ಮ ಕಾರ್ಮಿಕ ಕಾನೂನುಗಳಲ್ಲಿ ಇಲ್ಲ. ಸಾಂದರ್ಭಿಕ ರಜೆಯಲ್ಲೇ ಸಾಯಬೇಕು, ಅಂದರೆ ಸಾಯಿಸಿಕೊಳ್ಳಬೇಕು. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೇ ಶನಿವಾರ ರಜೆ ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ನಾಲ್ಕನೇ ಶನಿವಾರ ನೋಡಿ ಕಣ್ಣು ಮುಚ್ಚುವ ಅಪ್ಪಂದಿರಿಗೆ ಮಕ್ಕಳು ಋಣಿಯಾಗಿರಬೇಕು.

ಮಣ್ಣು ಮಾಡಿ ಬಂದ ಮೇಲೆ 21 ದಿನದೊಳಗೆ ಮರಣ ನೋಂದಣಿ. 1969ರ ಕಾಯಿದೆ. ತಡವಾದರೆ ಶುಲ್ಕ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಆಮೇಲೆ ವಂಶವೃಕ್ಷ, ಪೌತಿ ಖಾತೆ, ಬ್ಯಾಂಕಿನ ನಾಮಿನಿ, ವಿಧವಾ ವೇತನದ ಅರ್ಜಿ. ಆ ವೇತನ ತಿಂಗಳಿಗೆ 800 ರೂಪಾಯಿ. ಪ್ರತಿ ಕೌಂಟರಿನಲ್ಲೂ ಅವಳು ಗಂಡ ಸತ್ತ ದಿನಾಂಕ ಹೇಳಬೇಕು, ಗಟ್ಟಿಯಾಗಿ ಹೇಳಬೇಕು, ಗಾಜಿನ ಆಚೆಗೆ ಕೇಳಿಸುವುದಿಲ್ಲ. ಊರಿನವರು ಮರೆ ಮರೆ ಅಂತಾರೆ, ಕಚೇರಿಯವರು ನೆನಪಿಸಿಕೋ ಅಂತಾರೆ.

ಸಾಲಕ್ಕೆ ಜೀವ ಕಳಕೊಂಡ ರೈತನ ಹೆಂಡತಿಯದು ಇನ್ನೂ ಕಠಿಣ ಪರೀಕ್ಷೆ. ಪರಿಹಾರ 5 ಲಕ್ಷ ರೂಪಾಯಿ. ಆದರೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಕೂತು ಆ ಸಾವು 'ಅರ್ಹ'ವೋ 'ಅನರ್ಹ'ವೋ ತೀರ್ಮಾನಿಸಬೇಕು. ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಬ್ಯಾಂಕಿನದೋ ಕೈಸಾಲವೋ, ಮರಣೋತ್ತರ ಪರೀಕ್ಷೆಯ ವರದಿ ಬಂತೋ, ಪ್ರಯೋಗಾಲಯದ್ದು ಬಂತೋ. ಜಗಳೂರಿನಂಥ ಬರದ ತಾಲ್ಲೂಕಿನಲ್ಲಿ ಬೋರು ಕೊರೆಸಲು ತಂದ ಕೈಸಾಲಕ್ಕೆ ಯಾರು ರಸೀದಿ ಕೊಟ್ಟಿರುತ್ತಾರೆ? ಹೊಲ ಇನ್ನೂ ಮಾವನ ಹೆಸರಿನಲ್ಲಿದ್ದರೆ ಗಂಡ ಸತ್ತಿದ್ದು ರೈತನಾಗಿ ಅಲ್ಲ ಎನ್ನುವ ವಾದಕ್ಕೂ ಅವಳು ಉತ್ತರ ಕೊಡಬೇಕು. ಅವಳ ಅಳುವನ್ನು ಯಾರೂ ತಡೆಯುವುದಿಲ್ಲ. ವರದಿ ಬರುವ ತನಕ ಬಾಕಿ ಇಡುತ್ತಾರೆ, ಅಷ್ಟೆ.

ಕೊರೊನಾದ 2021ನೇ ಇಸವಿಯನ್ನು ಇಲ್ಲಿ ಬಿಡುವ ಹಾಗಿಲ್ಲ. ಆ ವರ್ಷ ಏಪ್ರಿಲ್ ಕೊನೆಗೆ ಕರ್ನಾಟಕದಲ್ಲಿ ಶವಸಂಸ್ಕಾರಕ್ಕೆ ಐದು ಜನ ಎಂಬ ಮಿತಿ ಬಂತು. ಲೆಕ್ಕ ಬರೆದವರು ಪಕ್ಕಾ: ಹೊರುವುದಕ್ಕೆ ನಾಲ್ಕು, ಅಳುವುದಕ್ಕೆ ಒಂದು. ಹನ್ನೊಂದು ದಿನದ ಜಾತ್ರೆ ಕಂಡು ಬೇಸತ್ತಿದ್ದ ನಾವು ಆಗ ಅದರ ಬೆಲೆ ಕಂಡೆವು. ಬೇಸಿಗೆಯಲ್ಲಿ ಹೋದವರ ಮನೆಗೆ ಬುತ್ತಿ ತರುವವರು ಬರಲಿಲ್ಲ, 'ಅತ್ರೆ ಬರ್ತಾರಾ' ಎಂದು ಕೇಳುವುದಕ್ಕೂ ಯಾರೂ ಬರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟದ್ದು ಅಪ್ಪನೇ ಹೌದೋ ಅಲ್ಲವೋ ಎಂಬ ಅನುಮಾನ ಇಟ್ಟುಕೊಂಡೇ ಮಕ್ಕಳು ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಆ ಹನ್ನೊಂದು ದಿನಗಳು ಅವರ ಬಾಳಿನಲ್ಲಿ ಬರಲೇ ಇಲ್ಲ.

ಅದೇ ವರ್ಷ ಅಕ್ಟೋಬರ್ 29ಕ್ಕೆ ನಟ 'ಅಪ್ಪು' ಪುನೀತ್ ರಾಜ್‌ಕುಮಾರ್ ಹೋದರು. ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿಗೆ ಲಕ್ಷಗಟ್ಟಲೆ ಜನ. ಇತ್ತ ನಮ್ಮ ಹಳ್ಳಿಗಳಲ್ಲಿ ಫೋಟೊಗೆ ಹಾರ, ಅನ್ನಸಂತರ್ಪಣೆ, ತಲೆ ಬೋಳಿಸಿಕೊಂಡ ಹುಡುಗರು. ಆಗ ಬುದ್ಧಿಜೀವಿಗಳು ನಕ್ಕರು: ಸಿನಿಮಾದವನಿಗೆ ಇಷ್ಟು ಅಳುವಾ? ನನಗೆ ಬೇರೆ ಅನುಮಾನ. ಮೇ ತಿಂಗಳಲ್ಲಿ ಐದು ಜನರ ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಯಲ್ಲೇ ಕೂತವರು ಎಷ್ಟು ಜನ ಅಕ್ಟೋಬರಿನ ಆ ಗುಂಪಿನಲ್ಲಿ ಇದ್ದರೋ. ತನ್ನ ಅಪ್ಪನಿಗೆ ಅಳಲು ಪರವಾನಗಿ ಸಿಗದವನು ಅಪ್ಪುವಿಗೆ ಅತ್ತ. ಯಾರೂ "ಗಂಡಸಾಗಿ ಹಿಂಗಾ" ಅನ್ನಲಿಲ್ಲ, ಹನ್ನೊಂದು ದಿನಕ್ಕೆ ಮುಗಿಸು ಎನ್ನಲಿಲ್ಲ. ಇವತ್ತಿಗೂ ಅವನ ಆಟೊ ಹಿಂದಿನ ಅಪ್ಪು ಚಿತ್ರ ಅಳಿಸು ಎನ್ನುವ ಧೈರ್ಯ ಯಾರಿಗೂ ಇಲ್ಲ. ಅದೇ ಹುಡುಗ ಅಪ್ಪನ ಫೋಟೊ ಆಟೊ ಹಿಂದೆ ಹಾಕಿದ್ದರೆ ಮನೆಗೆ ಬಂದು ಬುದ್ಧಿ ಹೇಳುತ್ತಿದ್ದೆವು.

ಈ ವೇಳಾಪಟ್ಟಿಯ ಹುಚ್ಚು ನಮ್ಮದು ಮಾತ್ರ ಎಂದು ಬೇಸರ ಬೇಡ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕಾಯಿಲೆಗಳ ಕೈಪಿಡಿಗೆ 'ದೀರ್ಘ ಶೋಕದ ಕಾಯಿಲೆ' ಸೇರಿಸಿತು. ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು. ಅದಾದ ಮೇಲೂ ದಿನದ ಬದುಕು ಮುರಿದುಬಿದ್ದೇ ಇದ್ದರೆ ಚಿಕಿತ್ಸೆ ಬೇಕಾಗಬಹುದು ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 6 ತಿಂಗಳೇ ಸಾಕು. ನಿಜವಾಗಿ ನೆಲ ಹಿಡಿದವರಿಗೆ ವೈದ್ಯರು ಬೇಕು, ಅದರ ಬಗ್ಗೆ ತಮಾಷೆಯಿಲ್ಲ. ತಮಾಷೆ ಇರುವುದು ವಾಟ್ಸ್ಆಪ್ ಪಂಡಿತರಲ್ಲಿ. ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಐದು ಹಂತಗಳ ಮಾತು ಬರೆದಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಅದನ್ನು ಬದುಕಿ ಉಳಿದವರ ಮೇಲೆ ಹೇರಿ, "ಅಕ್ಕ ಇನ್ನೂ ಮೂರನೇ ಹಂತದಲ್ಲಿದಾರೆ, ಈ ತಿಂಗಳು ನಾಲ್ಕಕ್ಕೆ ಬರ್ಬೇಕಿತ್ತು" ಎನ್ನುವ ಅಳಿಯಂದಿರು ಈಗ ನ್ಯಾಮತಿಯಲ್ಲೂ ಸಿಗುತ್ತಾರೆ. ಏನೇ ಆಗಲಿ, ಅಮೆರಿಕದಲ್ಲಿ ಒಂದು ವರ್ಷ, ಜಿನೀವಾದಲ್ಲಿ ಆರು ತಿಂಗಳು, ಹೊನ್ನಾಳಿಯಲ್ಲಿ ಹನ್ನೊಂದು ದಿನ. ಅಭಿವೃದ್ಧಿಯಲ್ಲಿ ನಾವು ಎಲ್ಲಿ ಮುಂದಿದ್ದೇವೆ ಎಂದು ಕೇಳುವವರಿಗೆ ಇದನ್ನು ತೋರಿಸಬಹುದು.

ಹೆಂಗಸಿನ ದುಃಖಕ್ಕೆ ಒಂದು ಕಾಲದಲ್ಲಿ ಹನ್ನೊಂದು ದಿನವೂ ಇರಲಿಲ್ಲ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇದೆ. 1664ರ ಜನವರಿಯಲ್ಲಿ, ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತ. ಸುದ್ದಿ ಮಹಾರಾಷ್ಟ್ರ ಮುಟ್ಟಿದಾಗ ಜೀಜಾಬಾಯಿ ಸಹಗಮನಕ್ಕೆ ಹೊರಟಳು, ಮಗ ಅಂಗಲಾಚಿ ತಡೆದ ಎನ್ನುತ್ತವೆ ಬಖರು ಎಂಬ ಹಳೆಯ ಮರಾಠಿ ವೃತ್ತಾಂತಗಳು. ಸಾಮ್ರಾಜ್ಯ ಕಟ್ಟಿದವನು ತಾಯಿಗಾಗಿ ಕಾಲದ ಹತ್ತಿರ ವಾಯಿದೆ ಕೇಳಿಕೊಂಡ. ಅವಳು ಇನ್ನೂ ಹತ್ತು ವರ್ಷ ಬದುಕಿದಳು, 1674ರ ಜೂನ್ 6ಕ್ಕೆ ಅವನ ಪಟ್ಟಾಭಿಷೇಕ ನೋಡಿ, ಹನ್ನೊಂದು ದಿನ ಬಿಟ್ಟು ತೀರಿಕೊಂಡಳು. ಆ ಹತ್ತು ವರ್ಷದಲ್ಲಿ ಅವಳ ದುಃಖ ಯಾವ ಹಂತಕ್ಕೆ ಬಂದಿತ್ತು ಎಂದು ಯಾರೂ ಬರೆದಿಟ್ಟಿಲ್ಲ. ಹೊದಿಗೆರೆಗೆ ವರ್ಷಕ್ಕೊಮ್ಮೆ ಹೂವಿನ ಹಾರ ತರುವ ಮುಖಂಡರು ಭಾಷಣದಲ್ಲಿ ಕತ್ತಿಯ ಬಗ್ಗೆ ಹೇಳುತ್ತಾರೆ, ಈ ಅಂಗಲಾಚಿದ ಮಗನ ಬಗ್ಗೆ ಹೇಳುವುದು ನನ್ನ ಕಿವಿಗೆ ಬಿದ್ದಿಲ್ಲ.

ಹಾಗಂತ ನಮ್ಮ ಸೀಮೆಗೆ ಇದರ ಉಪಾಯ ಗೊತ್ತೇ ಇರಲಿಲ್ಲವಾ? ಗೊತ್ತಿತ್ತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯಲ್ಲಿ ಜಯಂತಿಗೆ ಮಾಲೆ ಧರಿಸಿದ ಭಕ್ತರು ದೂರದೂರದಿಂದ ನಡೆದು ಬರುತ್ತಾರೆ. ಬಂಜಾರರ ಹಳೇ ತಲೆಯ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಬಹಳ ದಿನದ ಮೇಲೆ ಇಬ್ಬರು ಭೇಟಿಯಾದರೆ, ಮೊದಲು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ರಾಗವಾಗಿ ಅಳುತ್ತಾರೆ. ಕಳೆದ ಸಲ ನೋಡಿದ ಮೇಲೆ ಯಾರು ಯಾರು ಹೋದರು, ಏನೇನು ಆಯಿತು ಎಲ್ಲ ಆ ಅಳುವಿನಲ್ಲೇ ಬರುತ್ತದೆ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿ, ನಕ್ಕು ಮಾತಾಡುತ್ತಾರೆ. ಇದರ ಜಾಣತನ ನೋಡಿ. ಗಂಡ ಸತ್ತು ಎರಡು ವರ್ಷ ಆಗಿದ್ದರೂ, ಈ ಗೆಳತಿ ಇವತ್ತು ತಾನೇ ಸಿಕ್ಕಿದಳು ಎಂದಾದರೆ ಅಳು ಇವತ್ತೇ ಶುರು. ಕೊನೆಯ ದಿನಾಂಕ ಎಂಬುದೇ ಇಲ್ಲ. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿ ಮೊಬೈಲು ಎತ್ತಿ ರೀಲ್ಸ್ ಮಾಡುವ ಓದಿದ ಹುಡುಗರು ನಗುತ್ತಾರೆ. ಅವರ ಮನೆಯಲ್ಲಿ ಅಕ್ಕ ಆರು ತಿಂಗಳಿಂದ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿರುತ್ತಾಳೆ, ಸದ್ದು ಕೇಳಬಾರದೆಂದು.

ನಮ್ಮ ಇತರ ಜಾತಿಗಳ ಮುದುಕಿಯರೂ ಇದನ್ನು ಬಲ್ಲವರೇ. ಹೆಣದ ಮುಂದೆ ಹಾಡಿಕೊಂಡು ಅಳುತ್ತಿದ್ದರು. ಆ ಹಾಡಿನಲ್ಲಿ ಸತ್ತವನ ಪೂರ್ತಿ ಲೆಕ್ಕಪತ್ರ ಇರುತ್ತಿತ್ತು: ಯಾವ ತಮ್ಮ ಗಡಿ ಒತ್ತಿದ, ಯಾವ ತಂಗಿಗೆ ಸೀರೆ ಕೊಡಿಸದೆ ಉಳಿಸಿಕೊಂಡ, ಯಾವ ಎತ್ತು ಅವನ ದನಿ ಕೇಳಿದರೆ ಮಾತ್ರ ಏಳುತ್ತಿತ್ತು. ಹೆಣದ ಕಡೆಯವರಿಗೆ ಕೆಲವು ಸಾಲುಗಳಲ್ಲಿ ಇರಿಸುಮುರಿಸು, ಆದರೂ ತಡೆಯುವಂತಿಲ್ಲ. ಎರಡು ಹೆಣದ ಹಿಂದೆ ಹೋದ ತಮ್ಮ ಮಗಳನ್ನು ಈ ಹೆಣದ ನೆಪದಲ್ಲಿ ಕರೆದು ಅಳುವವರಿರುತ್ತಿದ್ದರು. ಯಾರದೋ ಸಾವಿನಲ್ಲಿ ಸ್ವಲ್ಪ ಜಾಗ ಕಡ ತೆಗೆದುಕೊಂಡು ತಮ್ಮದನ್ನು ಇಳಿಸಿ ಹೋಗುತ್ತಿದ್ದರು, ಕಡ ಕೊಟ್ಟವರು ಕೇಳುತ್ತಿರಲಿಲ್ಲ. ಈಗ ಸ್ಪೀಕರಿನಲ್ಲಿ ಪೆನ್‌ಡ್ರೈವ್ ಅಳುತ್ತದೆ. ಮುದುಕಿಯರು ಸುಮ್ಮನೆ ಕೂತಿರುತ್ತಾರೆ, ಫ್ರೀಜರ್ ಪೆಟ್ಟಿಗೆಯ ಗಾಜಿನ ಮೇಲೆ ಹನಿ ಕಟ್ಟುವುದನ್ನು ನೋಡುತ್ತ. ಮಗ ಬೆಂಗಳೂರಿನಿಂದ ಹೊರಟಿದ್ದಾನೆ, ತುಮಕೂರು ದಾಟಿದ್ದಾನೆ, ಅಲ್ಲಿಯ ತನಕ.

ಅಳುವಿಗೆ ಇಂಥ ಇನ್ನೊಂದು ಜಾಗ ಅಡಿಕೆ ಸುಲಿಯುವ ಮನೆ. ಚನ್ನಗಿರಿ ಕಡೆ ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ರಾಶಿ ಮಾಡುವುದು. ಮೊದಲು ಆ ಸುಲಿಯುವ ಕೆಲಸ ಪೂರ್ತಿ ಹೆಂಗಸರದ್ದು. ರಾತ್ರಿ ಊಟ ಆದ ಮೇಲೆ ಒಂದು ಬಲ್ಬಿನ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತರೆ ಏಳುವಾಗ ಕೋಳಿ ಕೂಗುವ ಹೊತ್ತು. ಡಬ್ಬದ ಲೆಕ್ಕಕ್ಕೆ ಕೂಲಿ. ಗಂಡನನ್ನೋ ಮಗುವನ್ನೋ ಕಳಕೊಂಡವಳು ತಿಂಗಳು ಕಳೆದ ಮೇಲೆ ಆ ಸಾಲಿಗೆ ಬಂದು ಕೂತರೆ ಯಾರೂ 'ಸುಧಾರಿಸ್ಕಂಡ್ಯಾ' ಅನ್ನುತ್ತಿರಲಿಲ್ಲ. ಪಕ್ಕದವಳು ಸ್ವಲ್ಪ ಸರಿದು ಜಾಗ ಬಿಡುತ್ತಿದ್ದಳು. ಕಣ್ಣು ಕತ್ತಿಯ ಮೇಲೆ, ಆದ್ದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಮಾತಾಡಿದರೆ ಕೇಳುವವರಿದ್ದರು, ಮಾತಾಡದಿದ್ದರೆ ಕೈಗೆ ಕೆಲಸವಿತ್ತು. ಒಂದು ರಾತ್ರಿ ಅವಳು ಬಾಯಿ ಬಿಡುತ್ತಿದ್ದಳು, ಅರ್ಧಕ್ಕೆ ನಿಲ್ಲಿಸುತ್ತಿದ್ದಳು, ಉಳಿದದ್ದು ಮುಂದಿನ ಕೊಯ್ಲಿಗೆ. ಅವಳ ಡಬ್ಬ ತುಂಬದ ದಿನ ಪಕ್ಕದವಳು ತನ್ನ ರಾಶಿಯಿಂದ ಎರಡು ಬೊಗಸೆ ಆ ಕಡೆ ತಳ್ಳಿ, "ನಿನ್ನ ಕಡೀಗೇ ಉಳ್ಳಿತ್ತು" ಅಂತ ಸುಳ್ಳು ಹೇಳುತ್ತಿದ್ದಳು. ಆಪ್ತಸಮಾಲೋಚನೆ ಎಂದು ಈಗ ಗಂಟೆಗೆ ದುಡ್ಡು ಕೊಟ್ಟು ಪಡೆಯುವುದನ್ನು ಆಗ ಡಬ್ಬಕ್ಕೆ ದುಡ್ಡು ತಗೊಂಡು ಕೊಡುತ್ತಿದ್ದರು.

ಈಗ ಸುಲಿಯುವ ಮಷಿನ್ ಬಂದಿದೆ. ಆಳಿನ ತೊಂದರೆ ತಪ್ಪಿತು, ಹೆಂಗಸರ ಬೆರಳು ಕಪ್ಪಾಗುವುದು ತಪ್ಪಿತು; ಬೇಡ ಎನ್ನಲು ನಾನೇನು ಕತ್ತಿ ಹಿಡಿದವನಲ್ಲ. ಆದರೆ ಮಷಿನಿನ ಸದ್ದಿಗೆ ಎದುರಿಗಿದ್ದವರ ಮಾತೇ ಕೇಳಿಸುವುದಿಲ್ಲ. ಗಂಡ ಸತ್ತವಳು ಈಗ ಮನೆಯಲ್ಲೇ ಇರುತ್ತಾಳೆ. ಧಾರಾವಾಹಿ ನೋಡುತ್ತಾಳೆ. ಅಲ್ಲಿಯೂ ಗಂಡ ಸತ್ತವಳೊಬ್ಬಳು ಇರುತ್ತಾಳೆ, ಅವಳ ಗಂಡ ಮುನ್ನೂರನೇ ಕಂತಿಗೆ ತಿರುಗಿ ಬರುತ್ತಾನೆ. "ಅತ್ರೆ ಬರ್ತಾರಾ" ಎಂಬ ಪ್ರಶ್ನೆಗೆ ಬರ್ತಾರೆ ಎಂಬ ಉತ್ತರ ಕೊಟ್ಟವರು ಧಾರಾವಾಹಿಯವರು ಮಾತ್ರ.

ನನ್ನ ಬಳಿ ಒಂದು ಸಲಹೆ ಇದೆ, ಯಾರೂ ಜಾರಿ ಮಾಡುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತೇನೆ. ಹನ್ನೊಂದನೇ ದಿನ ಊಟಕ್ಕೆ ಬಂದವರಿಗೆ ಎಲೆ ಮುಂದೆ ಕೂರಿಸುವ ಮೊದಲು ಒಂದು ಚೀಟಿ ಎತ್ತಿಸಬೇಕು. ಒಬ್ಬನಿಗೆ ಮೂವತ್ತೆರಡನೇ ದಿನ, ಒಬ್ಬನಿಗೆ ಎಪ್ಪತ್ತನೇ ದಿನ, ಒಬ್ಬನಿಗೆ ಮುಂದಿನ ಯುಗಾದಿಯ ಮಾರನೇ ದಿನ. ಆ ದಿನ ಅವನು ಆ ಮನೆಗೆ ಬರಬೇಕು, ಬರಿಗೈಲಿ ಬಂದರೂ ಚಿಂತೆಯಿಲ್ಲ, ಸಲಹೆ ತರಬಾರದು. ಹೋಳಿಗೆಗೆ ತುಪ್ಪ ಕಮ್ಮಿ ಎಂದವನಿಗೆ ಎರಡು ಚೀಟಿ. ಫ್ಲೆಕ್ಸಿನಲ್ಲಿ ಮುಖ ಹಾಕಿಸಿಕೊಂಡವರಿಗೆ ಕಡ್ಡಾಯವಾಗಿ ನೂರನೇ ದಿನ ಪಹಣಿ, ವಂಶವೃಕ್ಷ ಹಿಡಿದು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲುವ ಡ್ಯೂಟಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ನಿಲ್ಲಲಿ, ಬಿಸಿಲಿಗೆ ಒಳ್ಳೆಯದು.

ಈ ಸಲಹೆಯನ್ನು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಹೇಳಿದಾಗ ಅಲ್ಲಿಯವರು ನಕ್ಕು ತಮ್ಮೂರಿನ ಸಂಗತಿ ಹೇಳಿದರು. ಗಂಡ ಹೋಗಿ ನಾಲ್ಕು ತಿಂಗಳಾದ ಮೇಲೂ ಒಬ್ಬಾಕೆ ದಿನಾ ಮುಸ್ಸಂಜೆಗೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಅಳುತ್ತಿದ್ದಳಂತೆ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಾಳೆ, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಾಳೆ, ಸಂಘದ ಕಂತು ಕಟ್ಟುತ್ತಾಳೆ, ಸಂಜೆ ಅಳುತ್ತಾಳೆ. ಮನೆತನಕ್ಕೆ ಶ್ರೇಯಸ್ಸಲ್ಲ ಎಂದು ಭಾವ-ಮೈದುನರು, ಊರ ಹಿರಿಯರು ಸೇರಿ ಒಂದು ದಿನ ಬುದ್ಧಿ ಹೇಳಲು ಬಂದರು. ಎಲ್ಲ ಹೇಳಿದರು. ಮಕ್ಕಳ ಮುಖ, ದೇವರ ಇಚ್ಛೆ, ಕೊನೆಗೆ ಆ ಬ್ರಹ್ಮಾಸ್ತ್ರ. ಆಕೆ ಚಾ ಸೋಸುತ್ತ ಕೇಳಿಸಿಕೊಂಡು, ಲೋಟ ತಂದು ಮುಂದಿಟ್ಟು ಕೇಳಿದಳು: "ಅಲ್ಲ, ನಾನು ಅತ್ರೆ ನಿಮ್ ಬೋರಾಗೆ ನೀರು ಕಮ್ಮಿ ಆಗ್ತೈತೇನು?"

ಯಾರೂ ಮಾತಾಡಲಿಲ್ಲ. ಬಂದವರಲ್ಲಿ ಒಬ್ಬ ಮಾತ್ರ ಲೋಟ ಹಿಡಿದುಕೊಂಡೇ ಎದ್ದು ಅಂಗಳಕ್ಕೆ ಹೋಗಿ, ಮಗನಿಗೆ ಫೋನ್ ಹಚ್ಚಿ, ಮೋಟ್ರು ಎಷ್ಟಿಂಚು ಹೊಡಿತಾ ಐತೆ ನೋಡು ಅಂದನಂತೆ.